ಪಾಸಾಗಬಾರದಿದ್ದ ಪರೀಕ್ಷೆ

ಅಥವಾ ಬಾಗಿಲು ತೆಗೆದದ್ದು ಅಜ್ಜಿಯಲ್ಲ, ಮಗುವಿನ ತಂದೆಯೇ ಇರಬೇಕು. ಅಜ್ಜಿ ಅಂತಲೇ ನಾನು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಬಂದರು ಅಂತಲೂ ಸೇರಿಸಿದ್ದೇನೆ. ಆದರೆ ಆ ಬಾಗಿಲಿಗೆ ತೀರಾ ಮೇಲೆ, ನಾನು ತುದಿಗಾಲಲ್ಲಿ ನಿಂತರೂ ಎಟುಕದಷ್ಟು ಎತ್ತರದಲ್ಲಿ, ಇನ್ನೊಂದು ಚಿಲಕ ಹಾಕಿಸಿದ್ದರು. ಅಜ್ಜಿ ನನಗಿಂತ ಗಿಡ್ಡ. ಅವರು ಅದನ್ನು ತೆಗೆದಿರಲು ಸಾಧ್ಯವಿಲ್ಲ. ಹಾಗಾದರೆ ತಟ್ಟೆ? ತಟ್ಟೆ ಇದ್ದದ್ದು ನಿಜ. ಅದರ ಸಿಹಿ ಇನ್ನೂ ಬಾಯಲ್ಲಿರುವಾಗಲೇ ನಾನು ಆ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬೇಕಾಯಿತು.

ನನ್ನ ಕೆಲಸ ಇಷ್ಟು. ಅಂಗವೈಕಲ್ಯವೋ ದೀರ್ಘಕಾಲದ ಆರೋಗ್ಯದ ತೊಂದರೆಯೋ ಇರುವ ಮಕ್ಕಳ ಮನೆಯವರಿಗೆ ಯಾವ ಸೌಲಭ್ಯ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು, ಯಾವುದನ್ನು ಬರವಣಿಗೆಯಲ್ಲೇ ಕೇಳಬೇಕು ಅಂತ ಹೇಳಿಕೊಡುವುದು. ಬೇಕೆಂದರೆ ಮೀಟಿಂಗಿಗೆ ಜೊತೆಗೆ ಹೋಗಿ ಕೂರುವುದು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಯೂನಿಯನ್ ಸಿಟಿಯ ರೈಲು ಸ್ಟೇಷನ್ನಿನ ಹಿಂಬದಿಯಲ್ಲಿ ನಮ್ಮದು ಸಣ್ಣ ಆಫೀಸು. ಕನ್ನಡ ಬರುತ್ತದೆ ಅನ್ನುವ ಕಾರಣಕ್ಕೆ ಕನ್ನಡದ ಮನೆಗಳೆಲ್ಲ ನನ್ನ ಪಾಲಿಗೆ ಬರುತ್ತವೆ.

ಈ ಮನೆಯ ತಂದೆ ಮಂಡ್ಯ ಕಡೆಯವರು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಂಪನಿಯಲ್ಲಿ ಲ್ಯಾಬಿನ ಯಂತ್ರಗಳನ್ನು ಪರೀಕ್ಷಿಸುವ ಕೆಲಸ. ತಾಯಿ ಬೆಂಗಳೂರಿನವರು, ಸನ್ನಿವೇಲ್‌ನಲ್ಲಿ ಎಂಜಿನಿಯರ್. ಒಬ್ಬಳೇ ಮಗಳು, ಮೂರು ತುಂಬಲು ಕೆಲವೇ ವಾರ ಬಾಕಿ. ಮಾತು ಬಂದಿರಲಿಲ್ಲ. ತಂದೆಯ ತಾಯಿ ಆರು ತಿಂಗಳಿಗೆಂದು ಬಂದವರು ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದರು. ಆ ಆರು ತಿಂಗಳೂ ಮುಗಿಯುತ್ತ ಬಂದಿತ್ತು.

ತಂದೆ ಫೋನಿನಲ್ಲಿ ಕೇಳಿದ್ದು ವಿಚಿತ್ರವಾದ ಪ್ರಶ್ನೆ. ಮಗಳ ಟೆಸ್ಟು ತುಂಬಾ ಚೆನ್ನಾಗಾಯಿತು, ಆದರೆ ಬಂದಿರುವ ಕಾಗದದಲ್ಲಿ ಏನೋ ತಪ್ಪಾಗಿದೆ, ಯಾರಿಗೆ ಹೇಳಿ ಸರಿಮಾಡಿಸಬೇಕು ಅಂತ. ಮನೆಗೇ ಬರುತ್ತೇನೆ ಅಂದೆ.

ಇಲ್ಲಿನ ಏರ್ಪಾಡನ್ನು ಒಂದಿಷ್ಟು ಹೇಳಬೇಕು. ಮೂರು ವರ್ಷದವರೆಗೆ ಥೆರಪಿಸ್ಟ್ ಮನೆಗೇ ಬಂದು ಮಗುವಿಗೆ ಮಾತು, ಆಟ ಕಲಿಸುತ್ತಾರೆ. ಮೂರನೇ ಹುಟ್ಟುಹಬ್ಬಕ್ಕೆ ಅದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸ್ಕೂಲ್ ಡಿಸ್ಟ್ರಿಕ್ಟಿನ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರ, ಹೊಣೆ. ಅವರ ಕಡೆಯ ಪರೀಕ್ಷಕರು ಮಗುವನ್ನು ನೋಡಿ, ಅರ್ಹ ಅಂದರೆ ವಿಶೇಷ ಪ್ರೀಸ್ಕೂಲು, ಅಲ್ಲೇ ಥೆರಪಿ, ಅಗತ್ಯ ಬಿದ್ದರೆ ಮಗುವಿನ ಪಕ್ಕ ಒಬ್ಬ ಸಹಾಯಕಿ. ಅರ್ಹ ಅಲ್ಲ ಅಂದರೆ ಇವು ಯಾವುವೂ ಇಲ್ಲ. ಬೇರೆ ದಾರಿಗಳಿವೆ, ಅಲ್ಲೆಲ್ಲ ಕಾಯಬೇಕು. ಮೂರು ತುಂಬುವ ಮಗುವಿನ ಮನೆಯಲ್ಲಿ ಕಾಯಲು ಜಾಗವಿರುವುದಿಲ್ಲ.

ಕೇಸರಿಬಾತು ತಿನ್ನುತ್ತ ಕೇಳಿಸಿಕೊಂಡೆ. ಪರೀಕ್ಷೆ ಇದೆ ಅಂತ ಗೊತ್ತಾದ ಮೇಲೆ ಅವರು ಅದನ್ನು ಬೆಂಗಳೂರಿನ ಎಲ್‌ಕೆಜಿ ಅಡ್ಮಿಷನ್ ಥರ ತೆಗೆದುಕೊಂಡಿದ್ದರು. ತಂದೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಕೇಳಿ, ಪರೀಕ್ಷೆಯಲ್ಲಿ ಕೊಡುವಂಥದ್ದೇ ಮರದ ಬ್ಲಾಕ್ಸು, ಆಕಾರ ಕೂರಿಸುವ ಹಲಗೆ, ಚಿತ್ರದ ಪುಸ್ತಕ ತರಿಸಿದ್ದರು. ದಿನಾ ಸಂಜೆ ಅಭ್ಯಾಸ. ಮಗು ನಿದ್ದೆ ಮಾಡಿ ಎದ್ದಿರುವ ಹೊತ್ತಿಗೇ ಅಪಾಯಿಂಟ್‌ಮೆಂಟು. ಹೊಟ್ಟೆ ತುಂಬಾ ಊಟ, ಹೊಸ ಫ್ರಾಕು. "ನಾನು ಸ್ಕೂಲು ಸೇರಿದ್ದೂ ಹೀಗೇನೇ ಮೇಡಂ," ಅಂದರು ತಾಯಿ. "ಅಮ್ಮ ದಾರಿಯುದ್ದಕ್ಕೂ ಹಣ್ಣಿನ ಹೆಸರು ಹೇಳಿಸ್ತಿದ್ರು."

ಕಾಗದದಲ್ಲಿ ಏನೂ ತಪ್ಪಾಗಿರಲಿಲ್ಲ. ಅದು ಡಿಸ್ಟ್ರಿಕ್ಟಿನವರು ಮನೆಯವರ ಜೊತೆ ಕೂತು ತೀರ್ಮಾನಿಸುವ ಮೀಟಿಂಗಿಗೆ ಮುಂಚೆ ಕಳಿಸುವ ಕರಡು ವರದಿ. ಮಗುವಿನ ಕೈ ಮತ್ತು ಬುದ್ಧಿಯ ಕೆಲಸ ವಯಸ್ಸಿಗೆ ತಕ್ಕಂತಿದೆ. ಚೆನ್ನಾಗಿ ತಿನ್ನುತ್ತಾಳೆ, ಊಟದ ತೊಂದರೆ ಇಲ್ಲ ಅಂತ ಮನೆಯವರು ತಿಳಿಸಿದ್ದಾರೆ. ಮಾತು ತಡವಾಗಿರುವುದು ಬಹುಶಃ ಮನೆಯಲ್ಲಿ ಇನ್ನೊಂದು ಭಾಷೆ ಇರುವುದರಿಂದ. ಹಾಗಾಗಿ ವಿಶೇಷ ಸೌಲಭ್ಯದ ಅರ್ಹತೆ ಕಾಣುತ್ತಿಲ್ಲ.

"ಇಷ್ಟು ಚೆನ್ನಾಗಿ ಮಾಡಿದ್ದಾಳೆ ಅಂತ ಅವರೇ ಬರೆದಿದ್ದಾರೆ," ಅಂದರು ತಂದೆ. "ಕೊನೇ ಲೈನು ಮಾತ್ರ ಉಲ್ಟಾ ಇದೆ."

ನಾನು ತಟ್ಟೆ ಕೆಳಗಿಟ್ಟೆ. "ಇದು ಅಡ್ಮಿಷನ್ ಅಲ್ಲ. ಮಗುವಿಗೆ ಎಷ್ಟು ಕಷ್ಟ ಇದೆ ಅಂತ ನೋಡೋ ಪರೀಕ್ಷೆ. ಇದರಲ್ಲಿ ಪಾಸಾದವರಿಗೆ ಏನೂ ಸಿಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಮಗನ ಕಡೆ ನೋಡಿದರು. "ಪಾಸಾದ್ಲು ಅಂದ್ಯಲ್ಲ ಮತ್ತೆ?"

ಆ ದಿನವೇ, ಅಥವಾ ಮುಂದಿನ ಸಲವೋ, ನಾನು ನೆಲದ ಮೇಲೆ ಕೂತು ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಿದೆ. ಬರೀ ಕನ್ನಡದಲ್ಲಿ, ತುಂಬಾ ಹೊತ್ತು. ಅವಳು ನನ್ನ ಬಳೆಯನ್ನು ತಿರುಗಿಸುತ್ತ ಕೂತಳು. ಹೆಸರು ಕರೆದರೆ ತಿರುಗಲಿಲ್ಲ, ಅಜ್ಜಿ ಎಲ್ಲಿ ಅಂದರೆ ನೋಡಲಿಲ್ಲ. ಮನೆಯಲ್ಲಿ ಇನ್ನೊಂದು ಭಾಷೆ ಇದೆ ಅಂತ ವರದಿ ಬರೆದವರು ಆ ಭಾಷೆ ಬಲ್ಲವರಲ್ಲ. ಮಗುವಿನ ಬಾಯಲ್ಲಿ ಆ ಭಾಷೆಯೂ ಇರಲಿಲ್ಲ. ಇದನ್ನು ಗಟ್ಟಿಯಾಗಿ ಹೇಳಬಲ್ಲವಳು ಆ ಕಡತದ ಸುತ್ತ ಇದ್ದವರಲ್ಲಿ ನಾನೊಬ್ಬಳೇ ಅಂತ ಆಗ ಅನ್ನಿಸಿತ್ತು.

ಆಫೀಸಿನಲ್ಲಿ ನನ್ನ ಸೂಪರ್‌ವೈಸರ್ ನೇರವಾದ ದಾರಿ ಹೇಳಿದರು. ಮೀಟಿಂಗಿನಲ್ಲಿ ಒಪ್ಪಿಗೆ ಇಲ್ಲ ಅಂತ ಬರೆದುಕೊಡಿ, ಹೊರಗಿನ ಸ್ವತಂತ್ರ ಪರೀಕ್ಷೆ ಕೇಳಿ. ಅದು ಹಕ್ಕು, ಆ ಕೋರಿಕೆಗೆ ತೂಕವಿದೆ. ಆದರೆ ಹೊರಗಿನ ಪರೀಕ್ಷೆ ಮುಗಿಯಲು ತಿಂಗಳುಗಳಾಗುತ್ತವೆ. ಅಷ್ಟರಲ್ಲಿ ಥೆರಪಿ ನಿಂತಿರುತ್ತದೆ, ಅಜ್ಜಿ ಊರಿಗೆ ಹೋಗಿರುತ್ತಾರೆ. ಡೇಕೇರ್ ಒಮ್ಮೆ ನೋಡಿ ಆಗಿತ್ತು. ಗೇಟು ತೆರೆದ ಗಳಿಗೆಯಲ್ಲಿ ಮಗು ಹೊರಗೆ ಓಡಿತ್ತು. ಪ್ರತ್ಯೇಕವಾಗಿ ನೋಡಿಕೊಳ್ಳಲು ನಮ್ಮಲ್ಲಿ ಜನವಿಲ್ಲ ಅಂತ ಅವರು ಕೈಮುಗಿದಿದ್ದರು. ಅಲ್ಲಿ ಊಟವನ್ನೂ ಮುಟ್ಟಿರಲಿಲ್ಲವಂತೆ. "ಆ ಅಂಟಂಟು ಚೀಸು ಯಾರ್ ತಿಂತಾರೆ ಕಣವ್ವ," ಅಂದಿದ್ದರು ಅಜ್ಜಿ. ನಾವೆಲ್ಲ ನಕ್ಕಿದ್ದೆವು.

ನಾನು ತಂದೆಗೆ ಒಂದು ಕೆಲಸ ಕೊಟ್ಟೆ. ದಿನದಲ್ಲಿ ಬೇರೆ ಬೇರೆ ಹೊತ್ತು ಮಗು ಹೇಗಿರುತ್ತದೋ ಹಾಗೇ ವಿಡಿಯೋ ಮಾಡಿ ಕಳಿಸಿ, ಮೀಟಿಂಗಿನಲ್ಲಿ ತೋರಿಸೋಣ. ಬಂದವು. ಒಂದೊಂದೂ ಚುಟುಕಾಗಿ ಕತ್ತರಿಸಿದ್ದು, ಒಂದಕ್ಕಂತೂ ಹಿಂದೆ ವೀಣೆಯ ಸಂಗೀತ. ಬ್ಲಾಕು ಬ್ಲಾಕಿನ ಮೇಲೆ ಕೂತ ತಕ್ಷಣ ಚಪ್ಪಾಳೆ, ಅಲ್ಲಿಗೆ ಮುಗಿಯಿತು. ಇದೇ ವಿಡಿಯೋ ತೋರಿಸಿದರೆ ಡಿಸ್ಟ್ರಿಕ್ಟಿನವರ ವಾದವನ್ನು ನಾವೇ ಗೆಲ್ಲಿಸಿದಂತೆ.

ಕತ್ತರಿಸದೆ ಇದ್ದದ್ದು ಬೇಕು ಅಂತ ಫೋನ್ ಮಾಡಿದೆ. ಅವರಿಗೆ ಬೇಸರವಾಯಿತು. "ನಮ್ ಮಗಳದ್ದು ಕೆಟ್ಟದ್ದನ್ನೇ ಹುಡುಕಿ ಹುಡುಕಿ ತೋರಿಸಬೇಕಾ ಮೇಡಂ?" ಅಂದರು. ಆಮೇಲೆ ಯಂತ್ರದ ಮಾತು ಬಂತು: ಲ್ಯಾಬಿನಲ್ಲಿ ಯಂತ್ರ ಸರಿಯಾಗಿ ಓಡಿದ ಸಲದ್ದು ಮಾತ್ರ ಬರೆದಿಟ್ಟರೆ ಅದು ಪರೀಕ್ಷೆಯಾಗುತ್ತದೆಯೇ ಅಂತ. ಈ ಪ್ರಶ್ನೆ ಹಾಕಿದ್ದು ನಾನೇ ಅಂತ ಬಹಳ ಕಡೆ ಹೇಳಿಕೊಂಡಿದ್ದೇನೆ. ಈಗ ಯೋಚಿಸಿದರೆ ಯಂತ್ರದ ಪರೀಕ್ಷೆಯ ಬಗ್ಗೆ ನನಗೇನು ಗೊತ್ತು? ಅವರೇ ತಮಗೆ ತಾವೇ ಹೇಳಿಕೊಂಡಿದ್ದನ್ನು ನಾನು ನನ್ನ ಬಾಯಿಗೆ ಹಾಕಿಕೊಂಡಿರಬಹುದು. ಯಾರೇ ಹೇಳಿರಲಿ, ಮಾರನೇ ದಿನ ಇಡೀ ಇಡೀ ವಿಡಿಯೋಗಳು ಬಂದವು.

ಆಫೀಸಿನ ಕಂಪ್ಯೂಟರಿನಲ್ಲಿ ಅವನ್ನು ನೋಡುತ್ತ ಕೂತೆ. ಕತ್ತರಿಸಿದ ವಿಡಿಯೋದಲ್ಲಿ ಕಾಣದ ಒಂದು ಕೈ ಈಗ ಪ್ರತಿಯೊಂದರಲ್ಲೂ ಇತ್ತು. ಚೌಕಟ್ಟಿನ ಅಂಚಿನಿಂದ ಬರುವ, ಹಸಿರು ಬಳೆಯ, ಅಜ್ಜಿಯ ಕೈ. ಮಗು ಬ್ಲಾಕು ಎತ್ತುವ ಮುಂಚೆ ಮೊಣಕೈಯನ್ನು ಸ್ವಲ್ಪ ಎತ್ತಿಕೊಡುತ್ತದೆ. ಪುಸ್ತಕದಲ್ಲಿ ಕಾಗೆ ಎಲ್ಲಿ ಅಂದಾಗ ಹಾಳೆಯನ್ನು ಮೆಲ್ಲಗೆ ತಟ್ಟುತ್ತದೆ. ಮೋಸ ಮಾಡುವ ಕೈ ಅಲ್ಲ ಅದು. ತಾನು ಏನಾದರೂ ಮಾಡುತ್ತಿದ್ದೇನೆ ಅಂತ ಅದಕ್ಕೇ ಗೊತ್ತಿರಲಿಲ್ಲ. ಪರೀಕ್ಷೆಯ ದಿನ ಆ ಕೈ ಹೊರಗೇ ಇತ್ತು, ನಿಜ. ಅಷ್ಟು ಹೊತ್ತಿಗೆ ಬ್ಲಾಕು ಬಾಯಿಪಾಠವಾಗಿತ್ತು.

ಕೊನೆಯ ವಿಡಿಯೋ ಊಟದ್ದು. ನನ್ನ ಕಣ್ಣು ಮೊದಲು ಕೈಯ ಮೇಲೇ ಇತ್ತು. ಎರಡನೇ ಸಲ ನೋಡುವಾಗ ಮಗುವಿನ ದವಡೆ ನೋಡಿದೆ. ಅದು ಆಡುತ್ತಿರಲಿಲ್ಲ. ತುತ್ತು ಹೋಗುತ್ತದೆ, ಗಂಟಲು ಅಲುಗುತ್ತದೆ, ಬಾಯಿ ಮತ್ತೆ ತೆರೆಯುತ್ತದೆ. ನಡುವೆ ಏನೂ ಇಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೇ ಅವರ ಮನೆಗೆ ಹೋದೆ. ತಾಯಿ ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅಜ್ಜಿ ತಟ್ಟೆಯಲ್ಲಿ ರಾಗಿಮುದ್ದೆ ಇಟ್ಟುಕೊಂಡು ಕೂತಿದ್ದರು. ಊರಿಂದ ತಂದ ಹಿಟ್ಟು. ಕಡಲೆಕಾಳಿನಷ್ಟು ಮುರಿದು, ಉರುಟು ಮಾಡಿ, ತೆಳ್ಳಗಿನ ಬೇಳೆಸಾರಿನಲ್ಲಿ ಅದ್ದಿ, ನಾಲಿಗೆಯ ಹಿಂಭಾಗಕ್ಕೆ ಇಟ್ಟು, ಇನ್ನೊಂದು ಕೈಯಿಂದ ಗಂಟಲು ಸವರುತ್ತಿದ್ದರು. "ನುಂಗವ್ವ, ನುಂಗು." ಮಗು ನುಂಗುತ್ತಿತ್ತು. ಚಂದದ ಊಟ. ಒಂದು ಅಗುಳೂ ಚೆಲ್ಲದ ಊಟ.

ಚಪಾತಿ, ದೋಸೆ ಏನಾದರೂ ತಿನ್ನುತ್ತಾಳಾ ಅಂತ ಕೇಳಿದೆ. ಅವೆಲ್ಲ ಯಾಕೆ, ಮುದ್ದೆ ಉಂಡ ಮಕ್ಕಳು ಗಟ್ಟಿ ಅಂದರು ಅಜ್ಜಿ.

"ಅಗಿಯೋದು ಅಮ್ಮ? ಅಗಿದು ತಿನ್ನೋದು ಏನಾದ್ರೂ?"

ಅಜ್ಜಿ ನನ್ನನ್ನು ಒಂಥರ ನೋಡಿದರು. "ಎಲ್ಲೀಯೋಳವ್ವ ನೀನು? ಮುದ್ದೆನ ಅಗೀತಾರಾ ಯಾರಾರ? ಹಲ್ಲಿಗೆ ಅಂಟ್ಕತದೆ."

ಮೈಸೂರಿನವಳು ಅಂದೆ. ಹಂಗಾದ್ರೆ ಗೊತ್ತಿರಬೇಕಿತ್ತು ಅಂದರು. ಗೊತ್ತಿತ್ತು. ಮುದ್ದೆ ನುಂಗುವ ಊಟ. ಅಗಿಯುವವರನ್ನು ನಾವೆಲ್ಲ ಪೇಟೆಯವರು ಅಂತ ಆಡಿಕೊಳ್ಳುತ್ತೇವೆ. ಈ ಮನೆಯಲ್ಲಿ ಅಗಿಯಲು ಬಾರದ ಮಗು ಎಲ್ಲರಿಗಿಂತ ಸರಿಯಾಗಿ ಉಣ್ಣುವ ಮಗುವಾಗಿತ್ತು. ಊಟದ ತೊಂದರೆ ಇದೆಯೇ ಅಂತ ಪರೀಕ್ಷಕಿ ಕೇಳಿದಾಗ ತಾಯಿ ಇಲ್ಲ ಅಂದದ್ದು ಸುಳ್ಳಲ್ಲ. ಥೆರಪಿಸ್ಟ್ ಬರುತ್ತಿದ್ದದ್ದು ಬೆಳಗಿನ ಹೊತ್ತು, ಅವರು ಊಟ ನೋಡಿರಲೇ ಇಲ್ಲ.

ತಾಯಿ ಲ್ಯಾಪ್‌ಟಾಪು ಮುಚ್ಚಿದರು. "ನನಗೇ ಮುದ್ದೆ ನುಂಗಕ್ಕೆ ಬರಲ್ಲ," ಅಂದರು ನಿಧಾನವಾಗಿ. "ಇವಳು ನುಂಗೋದನ್ನ ಫೋಟೋ ತೆಗೆದು ನಮ್ಮಮ್ಮಂಗೆ ಕಳಿಸಿದ್ದೆ. ನೋಡು, ಮಂಡ್ಯದ ಸೊಸೆಗಿಂತ ಮೊಮ್ಮಗಳೇ ವಾಸಿ ಅಂತ."

ಅಲ್ಲಿಂದ ಎಲ್ಲ ಬೇಗ ಬೇಗ ಆಯಿತು, ಅಥವಾ ನನ್ನ ನೆನಪು ಅದನ್ನು ಬೇಗ ಬೇಗ ಓಡಿಸುತ್ತದೆ. ಥೆರಪಿಸ್ಟ್‌ಗೆ ಫೋನ್ ಮಾಡಿದೆ. ಅವರು ಕೇಳಿ, ಮಗು ಬೇರೆಯವರ ಕೈಯಲ್ಲಿ ಬೇರೆ ಊಟ ತಿಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಇದನ್ನು ಮುಚ್ಚಿಟ್ಟು ಯಾವ ಶಾಲೆಗೂ ಕಳಿಸುವಂತಿಲ್ಲ ಅಂದರು. ಅಜ್ಜಿ ಹೋದ ಮೇಲೆ ಊಟ ಮಾಡಿಸುವವರು ಯಾರೇ ಆದರೂ ಬೇರೆಯವರೇ.

ಎರಡು ದಾರಿ ಇದ್ದವು. ಒಂದು ಸೂಪರ್‌ವೈಸರ್ ಹೇಳಿದ್ದು: ಬರೆದುಕೊಡುವುದು, ಕಾಯುವುದು. ಇನ್ನೊಂದು, ವರದಿ ಇನ್ನೂ ಕರಡಿನಲ್ಲಿರುವಾಗಲೇ ಡಿಸ್ಟ್ರಿಕ್ಟಿನ ಪರೀಕ್ಷಕಿಯನ್ನು ಮನೆಗೆ ಕರೆಯುವುದು. ಊಟದ ಹೊತ್ತಿಗೆ. ಅಭ್ಯಾಸವಿಲ್ಲದೆ, ಅಜ್ಜಿಯ ಕೈ ಇಲ್ಲದೆ. ಸೂಪರ್‌ವೈಸರ್‌ಗೆ ಇದು ಇಷ್ಟವಾಗಲಿಲ್ಲ. ಅಂದು ಮಗು ಹೇಗೋ ತಿಂದುಬಿಟ್ಟರೆ ಇಲ್ಲ ಅನ್ನುವ ಉತ್ತರಕ್ಕೆ ಎರಡನೇ ಸಾಕ್ಷಿ ಸಿಕ್ಕಿದಂತೆ. ತಿನ್ನದೆ ಗಂಟಲಿಗೆ ಸಿಕ್ಕಿಕೊಂಡರೆ ಅದಕ್ಕಿಂತ ಕೆಟ್ಟದ್ದು. ಎರಡೂ ನಿಜ. ನಾನು ಎರಡನೇ ದಾರಿ ಹಿಡಿಯೋಣ ಅಂದೆ. ನಿರ್ಧಾರ ನನ್ನದು ಅಂತ ಬರೆದುಕೊಳ್ಳುವುದು ಸುಲಭ. ನಾನು ಕೇಳುವ ಮುಂಚೆಯೇ ತಾಯಿ ಪರೀಕ್ಷಕಿಗೆ ಇಮೇಲ್ ಬರೆಯಲು ಶುರುಮಾಡಿದ್ದರು ಅನ್ನುವುದನ್ನೂ ಬರೆಯಬೇಕು. ಅದನ್ನು ಇಬ್ಬರೂ ಕೂತು ತಿದ್ದಿದೆವು. ಯಾರನ್ನೂ ದೂರಲಿಲ್ಲ. ನಾವು ಹೇಳಿದ್ದರಲ್ಲಿ ತಪ್ಪಿತ್ತು, ಬಂದು ನೋಡಿ, ಥೆರಪಿಸ್ಟ್ ಜೊತೆಗಿರುತ್ತಾರೆ ಅಂತ ಅಷ್ಟೇ.

ಪರೀಕ್ಷಕಿ ಬರಲು ಒಪ್ಪಿದರು. ಮೀಟಿಂಗಿಗೆ ಮುಂಚೆ ಅವರಲ್ಲಿ ಉಳಿದಿದ್ದದ್ದು ಒಂದೇ ಮಧ್ಯಾಹ್ನ.

ಅಜ್ಜಿಗೆ ಹೇಳುವ ಕೆಲಸ ನನಗೆ ಬಿತ್ತು. ಮಗನಿಗೆ ಧೈರ್ಯವಿರಲಿಲ್ಲ, "ಅವ್ವಂಗೆ ನೀವೇ ಹೇಳಿ" ಅಂತ ಬಾಲ್ಕನಿಗೆ ಹೋಗಿ ನಿಂತರು. ಅಜ್ಜಿ ಸೊಪ್ಪು ಬಿಡಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, ದಂಟನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತಲೇ ಇದ್ದರು.

"ಮಗೀನ ಕೈ ಬುಟ್ಟು ತಮಾಸೆ ನೋಡು ಅಂತೀಯಾ," ಅಂದರು.

"ಒಂದೇ ಹೊತ್ತು ಅಮ್ಮ."

ಸೊಪ್ಪೆಲ್ಲ ಬಿಡಿಸಿ ಮುಗಿಸಿದರು. ಆಮೇಲೆ, ನನಗೆ ಅಲ್ಲ, ಸೊಪ್ಪಿಗೆ ಹೇಳುವ ಹಾಗೆ: "ನಾನ್ ಹೋದ್ ಮ್ಯಾಲೆ ಎಲ್ಲಾ ಹೊತ್ತೂ ಹಂಗೇಯಲ್ವಾ."

ಆ ದಿನ ತಂದೆ ಫೋನು ಹಿಡಿದು ವಿಡಿಯೋ ಮಾಡಲು ಹೊರಟರು. ಬೇಡ ಅಂದದ್ದು ನಾನು. ಒಂದು ಕ್ಯಾಮೆರಾ ಎದುರಿಗಿದ್ದರೆ ಈ ಮನೆಯವರು ಮತ್ತೆ ಚೆನ್ನಾಗಿ ಮಾಡಿಬಿಡುತ್ತಾರೆ ಅನ್ನುವ ಹೆದರಿಕೆ. ಅವರು ಫೋನನ್ನು ಫ್ರಿಜ್ಜಿನ ಮೇಲಿಟ್ಟು ಕೈಕಟ್ಟಿ ನಿಂತರು. ಪರೀಕ್ಷಕಿ ಹೇಳದೆಯೇ ಶೂ ಬಿಚ್ಚಿ ಒಳಗೆ ಬಂದು, ಊಟದ ಮೇಜಿನ ತುದಿಯಲ್ಲಿ ಕೂತರು. ಥೆರಪಿಸ್ಟ್ ಮಗುವಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. ತಟ್ಟೆಯಲ್ಲಿ ಅವರೇ ಆರಿಸಿದ್ದು: ಮೆತ್ತಗಿನ ಇಡ್ಲಿಯ ಸಣ್ಣ ಸಣ್ಣ ತುಂಡು, ಉದ್ದಕ್ಕೆ ಸೀಳಿದ ಮಾಗಿದ ಬಾಳೆಹಣ್ಣು. ಅಜ್ಜಿ ಸೋಫಾದ ಮೇಲೆ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು.

ಮಗು ತಟ್ಟೆ ನೋಡಲಿಲ್ಲ. ಬಾಯಿ ತೆರೆದು ಕೂತಿತು. ತುತ್ತು ಬರಲಿಲ್ಲ. ಬಾಯಿ ಮುಚ್ಚಿ, ಇನ್ನೊಮ್ಮೆ ತೆರೆಯಿತು. ಸೋಫಾದ ಕಡೆ ತಿರುಗಿ, ಅಲ್ಲಿ ಕೈ ಕಾಣದೆ, ಮತ್ತೆ ಈ ಕಡೆ ತಿರುಗಿತು. ಎಷ್ಟು ಹೊತ್ತು ಅಂತ ನನಗೆ ಹೇಳಲು ಬರುವುದಿಲ್ಲ. ತಾಯಿಯ ಕೈ ಎರಡು ಸಲ ಮೇಜಿನ ಮೇಲೆ ಬಂದು ಎರಡು ಸಲ ಹಿಂದೆ ಹೋಯಿತು.

ಕೊನೆಗೆ ಮಗು ತಾನೇ ಒಂದು ತುಂಡು ಇಡ್ಲಿ ಬಾಯಿಗಿಟ್ಟಿತು. ತಂದೆಯ ಮುಖದಲ್ಲಿ ಸಂತೋಷ ಬಂದು, ಬಂದ ತಕ್ಷಣ ಗಾಬರಿಯಾದದ್ದನ್ನು ನೋಡಿದೆ. ತಿಂದುಬಿಟ್ಟರೆ? ನನ್ನೊಳಗೂ ಅದೇ ಇತ್ತು. ಒಂದು ಮಗು ಇಡ್ಲಿ ತಿನ್ನದಿರಲಿ ಅಂತ ಮೂರು ಜನ ದೊಡ್ಡವರು ಕಾಯುತ್ತಿದ್ದೆವು. ಆ ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಅದು ಸರಿಯಾಗಿ ಕಾಣುವ ಕೋನ ಸಿಕ್ಕಿಲ್ಲ.

ತುಂಡು ಕೆನ್ನೆಯೊಳಗೆ ಹೋಗಿ ಅಲ್ಲೇ ಕೂತಿತು. ಇನ್ನೊಂದು ತುಂಡು, ಅದರ ಪಕ್ಕಕ್ಕೆ. ಬಾಳೆಹಣ್ಣು. ಕೆನ್ನೆ ಉಬ್ಬಿತು. ದವಡೆ ಆಡಲಿಲ್ಲ. ಆಮೇಲೆ ಮಗು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು, ನುಂಗಲು ನೋಡಿತು. ಕುತ್ತಿಗೆ ಚಾಚಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು. ತಾಯಿ ಎದ್ದರು. ಥೆರಪಿಸ್ಟ್ ಮಗುವಿನಿಂದ ಕಣ್ಣು ತೆಗೆಯದೆ ಒಂದು ಕೈ ಎತ್ತಿ ತಡೆದರು. ಕೆಮ್ಮು ಬರುತ್ತಿದೆ, ಉಸಿರಾಡುತ್ತಿದ್ದಾಳೆ, ಮುಟ್ಟಬೇಡಿ ಅಂದರು.

"ಸಾಕು ಬುಡ್ರವ್ವ," ಅಂದರು ಅಜ್ಜಿ. ಗಟ್ಟಿಯಾಗಿ ಅಲ್ಲ. ಎದ್ದೂ ಬರಲಿಲ್ಲ. ಸೆರಗಿನಲ್ಲಿ ಸುತ್ತಿದ್ದ ಕೈಗಳು ಬಟ್ಟೆಯೊಳಗೇ ಒದ್ದಾಡುತ್ತಿದ್ದವು.

ಥೆರಪಿಸ್ಟ್ ಮಗುವನ್ನು ಮುಂದಕ್ಕೆ ಬಾಗಿಸಿದರು. ಎಲ್ಲ ತಟ್ಟೆಗೆ ಬಂತು, ಇಟ್ಟದ್ದು ಇಟ್ಟ ಹಾಗೆ, ಹಲ್ಲಿನ ಗುರುತೇ ಇಲ್ಲದೆ. ಮಗು ಅಳಲಿಲ್ಲ. ಕುರ್ಚಿಯಿಂದ ಇಳಿದು ಹೋಗಿ ಅಜ್ಜಿಯ ಮಡಿಲಿನಲ್ಲಿ ಮುಖವಿಟ್ಟಿತು. ಪರೀಕ್ಷಕಿ ಪೆನ್ನು ಕೆಳಗಿಟ್ಟರು. ತಾನೂ ಕೇಳಬೇಕಾದ್ದನ್ನು ಕೇಳಿರಲಿಲ್ಲ ಅಂತ ಹೇಳಿದರು. ಆಮೇಲೆ ತಾಯಿಗೆ ಒಂದು ಮಾತು ಕೇಳಿದರು: ಸಾಮಾನ್ಯ ದಿನ ಹೇಗಿರುತ್ತದೆ ಹೇಳಿ, ಚೆನ್ನಾದ ದಿನದ್ದು ಬೇಡ.

ತಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದರು, ನಾನು ಇಂಗ್ಲಿಷಿಗೆ ತಿರುಗಿಸಲಿ ಅಂತ. ಅಜ್ಜಿಗೂ ಕೇಳಲಿ ಅಂತ ಹಾಗೆ ಮೊದಲೇ ಮಾತಾಗಿತ್ತು. ಒಂದು ವಾಕ್ಯ ಆಗಿತ್ತೇನೋ, ನಿಂತರು. ಮಡಿಲಿನಲ್ಲಿದ್ದ ಮಗು ಮುಖ ಎತ್ತಿತ್ತು.

"ಇವಳ ಮುಂದೆ ಕನ್ನಡದಲ್ಲಿ ಬೇಡ," ಅಂದರು. "ಇಂಗ್ಲಿಷಲ್ಲೇ ಹೇಳ್ಬಿಡ್ತೀನಿ. ಅವಳಿಗೆ ಗೊತ್ತಾಗಲ್ಲ."

ಹೇಳಿದರು. ಮೀಟಿಂಗಿನಲ್ಲಿ ಮಾತಾಡುವ ಹಾಗೆ, ಒಂದರ ಹಿಂದೆ ಒಂದು, ದನಿ ಏರದೆ. ಹೆಸರು ಕರೆದರೆ ತಿರುಗುವುದಿಲ್ಲ. ಏನು ಬೇಕು ಅಂತ ತೋರಿಸುವುದಿಲ್ಲ, ಬೇಕಾದದ್ದು ಸಿಗುವವರೆಗೆ ತಲೆಯನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾಳೆ. ಒಮ್ಮೆ ಬಾಗಿಲು ತೆಗೆದುಕೊಂಡು ಪಾರ್ಕಿಂಗಿಗೆ ಓಡಿದಳು. ಒಂದು ಕಾರು ಅವಳ ಹತ್ತಿರವೇ ನಿಂತಿತು, ಅದರಲ್ಲಿದ್ದವರು ಕಿರುಚಿದರು, ಇವಳು ತಿರುಗಲಿಲ್ಲ. ಆ ಚಿಲಕ ಹಾಕಿಸಿದ್ದು ಆಗ. ಅಜ್ಜಿಯ ಕೈ ಇಲ್ಲದೆ ಉಣ್ಣುವುದಿಲ್ಲ, ಅದು ಇವತ್ತು ಗೊತ್ತಾಯಿತು. ಕೊನೆಯ ಮಾತು ಹೇಳುವಾಗ ಮಾತ್ರ ನಿಧಾನಿಸಿದರು. ನನ್ನನ್ನು ಇದುವರೆಗೂ ಅಮ್ಮ ಅಂತ ಕರೆದಿಲ್ಲ. ನಾನು ಅಮ್ಮ ಅಂತ ಅವಳಿಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೆ, "ಅಳಬ್ಯಾಡ ಬುಡು," ಅಂದರು. ಸೊಸೆ ಅಳುತ್ತಿರಲಿಲ್ಲ.

ಮೀಟಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರದಿ ಬದಲಾಗಿತ್ತು. ವಿಶೇಷ ಪ್ರೀಸ್ಕೂಲು, ಮಾತಿನ ಥೆರಪಿ, ಊಟದ ಹೊತ್ತಿಗೆ ಮತ್ತು ಹೊರಗೆ ಕರೆದೊಯ್ಯುವಾಗ ಪಕ್ಕದಲ್ಲೇ ಇರುವ ಸಹಾಯಕಿ, ಅಗಿಯುವುದನ್ನು ಹಂತ ಹಂತವಾಗಿ ಕಲಿಸುವ ಯೋಜನೆ. ಹುಟ್ಟುಹಬ್ಬಕ್ಕೆ ಮುಂಚೆಯೇ ಸಹಿಗಳಾದವು. ಕಾರಿನ ಹತ್ತಿರ ತಂದೆ, "ಅಂತೂ ಫೇಲ್ ಮಾಡಿಸಿದ್ವಿ ಮೇಡಂ," ಅಂದು ನಗಲು ನೋಡಿದರು. ಅಜ್ಜಿ ಹೊರಡುವ ಮುಂಚೆ ಥೆರಪಿಸ್ಟ್ ಕೈಯಿಂದ ತಿನ್ನುತ್ತ ಮಗು ಎರಡು ಸಲ ದವಡೆ ಆಡಿಸಿದ್ದನ್ನು ನೋಡಿದರು ಅಂತ ಕೇಳಿದ್ದೇನೆ. ನಾನು ಅಲ್ಲಿರಲಿಲ್ಲ.

ಬದಲಾದ ವರದಿಯ ಒಂದು ವಾಕ್ಯದ ಬಗ್ಗೆ ಮಾತ್ರ ಹೇಳಬೇಕು. ಅದನ್ನು ನಾನು ಮೀಟಿಂಗಿನಲ್ಲಿ ಓದಿದ್ದೆ, ಗಮನಿಸಿರಲಿಲ್ಲ. ಆ ಮಧ್ಯಾಹ್ನ ಹೊರಡುವಾಗ ಪರೀಕ್ಷಕಿ ಬಾಗಿಲ ಹತ್ತಿರ, ಸನ್ನೆ ಮಾಡದೆ, ಶೂ ತಂದುಕೊಡು ಅಂತ ಮಗುವಿಗೆ ಹೇಳಿ ನೋಡಿದ್ದರು. ಮಗು ತಂದಿತ್ತು. ಹೇಳಿದ್ದು ಇಂಗ್ಲಿಷಿನಲ್ಲಿ. ಬಹುಶಃ ಟ್ಯಾಬ್ಲೆಟ್ಟಿನ ಕಾರ್ಟೂನುಗಳಿಂದ ಕಲಿತಿರಬೇಕು. ಇಂಗ್ಲಿಷಿನ ಮಾತು ಮನೆಯವರು ಅಂದುಕೊಂಡಿರುವುದಕ್ಕಿಂತ ಹೆಚ್ಚು ತಿಳಿಯುತ್ತಿರಬಹುದು ಅಂತ ಬರೆದಿದ್ದರು. ಒಳ್ಳೆಯ ಸುದ್ದಿಯೇ ಅದು.

ಕೆಲವು ವಾರಗಳ ಮೇಲೆ ತಾಯಿ ಫೋನ್ ಮಾಡಿದರು. ಶಾಲೆ, ಊಟ ಎಲ್ಲ ಹೇಳಿದರು. ಇಡುವ ಮುಂಚೆ ಕೇಳಿದರು: "ಅವತ್ತು ನಾನು ಹೇಳಿದ್ದೆಲ್ಲ ಅವಳಿಗೆ ಗೊತ್ತಾಗಿತ್ತಾ ಮೇಡಂ?"

ಶೂ ತರುವುದು ಬೇರೆ, ಅಷ್ಟೊಂದು ಮಾತು ಬೇರೆ ಅಂದೆ. ಅದು ಕೆಲಸದ ಉತ್ತರ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಒಂದು ಚಿತ್ರವಿದೆ. ತಾಯಿ ಕೊನೆಯ ಮಾತು ಹೇಳುವಾಗ ಮಗು ಅಜ್ಜಿಯ ಮಡಿಲಿನಿಂದ ಎದ್ದು ಬಂದು ಅಂಗೈಯನ್ನು ತಾಯಿಯ ಬಾಯಿಯ ಮೇಲೆ ಇಟ್ಟಿತು. ಬೆರಳಿಗೆ ಬಾಳೆಹಣ್ಣು ಮೆತ್ತಿಕೊಂಡಿತ್ತು. ಇಷ್ಟು ಸ್ಪಷ್ಟವಾಗಿದೆ. ತಾಯಿಯನ್ನು ಕೇಳಿದೆ. ಹಾಗೇನೂ ಆಗಲಿಲ್ಲ, ಮಾತು ಮುಗಿಯುವವರೆಗೆ ಅವಳು ಅತ್ತೆಯ ಮಡಿಲಿನಿಂದ ಏಳಲೇ ಇಲ್ಲ ಅಂದರು. ಪರೀಕ್ಷಕಿ ಬಂದ ದಿನದ ಸಂಜೆಯೇ ನಾನು ಬ್ಲಾಕು, ದವಡೆ, ಇಡ್ಲಿ ಎಲ್ಲ ಬರೆದುಕೊಂಡಿದ್ದೆ. ಅದರಲ್ಲೂ ಈ ಕೈ ಇಲ್ಲ. ವಿಡಿಯೋ ಬೇಡ ಅಂದವಳು ನಾನೇ.

ಆ ಕೈ ಬಂದಿತ್ತೋ ಇಲ್ಲವೋ, ಬಂದಿದ್ದರೆ ಮಾತು ನಿಲ್ಲಿಸಲು ಬಂದಿತ್ತೋ ಕೈ ಒರೆಸಿಕೊಳ್ಳಲು ಬಂದಿತ್ತೋ, ಆ ಮಗುವಿಗೆ ಅಂದು ಏನು ಕೇಳಿಸಿತು, ಅದರಲ್ಲಿ ಎಷ್ಟು ತಿಳಿಯಿತು, ನನಗೆ ಗೊತ್ತಿಲ್ಲ.